ಬ್ರಾಯ್ಲರ್ ಫೀಡಿಗೆ ಎಂಜೈಮ್ ಪೌಡರ್ ಹಾಕ್ಬೇಕಾ? ಮೊದ್ಲು ಚೀಲದ ಚೀಟಿ ಓದಿ

ನೀವು ಕೇಳಿರೋದು, ಕುಶಾಲನಗರದ ಹತ್ರ 500 ಬ್ರಾಯ್ಲರ್ ಮರಿ ಬಿಟ್ಟಿದೀನಿ, ಮಳೆ ಶುರುವಾದ ಮೇಲೆ ಹಿಕ್ಕೆ ನೀರು ನೀರಾಗಿ ಲಿಟ್ಟರ್ (ನೆಲಕ್ಕೆ ಹಾಸಿರೋ ಹೊಟ್ಟು) ಒದ್ದೆ ಆಗ್ತಿದೆ, ಅಂಗಡಿಯವ್ರು ಎಂಜೈಮ್ ಹಾಕಿ ಎಲ್ಲಾ ಸರಿಹೋಗತ್ತೆ ಅಂತಿದಾರೆ, ಹಾಕ್ಲಾ ಅಂತ. ನಾನು ಸುಂಟಿಕೊಪ್ಪ ಕಡೆಯವ್ನು, ಕಾಫಿ ಜೊತೆಗೆ ಸಣ್ಣದೊಂದು ಶೆಡ್ ಇದೆ, ಈ ಪೌಡರಿಗೆ ದುಡ್ಡು ಸುರಿದು ಪಾಠ ಕಲ್ತವ್ನು, ಅದಕ್ಕೇ ಬರೀತಿದೀನಿ.

ಮೊದ್ಲು ಹೇಳಿ, ನಿಮ್ದು ರೆಡಿ ಫೀಡಾ, ನೀವೇ ಮಿಕ್ಸ್ ಮಾಡೋದಾ? ಕಂಪನಿ ಪೆಲ್ಲೆಟ್ ಆದ್ರೆ ಚೀಲದ ಮೇಲಿನ ಚೀಟಿ ನೋಡಿ, ಇಲ್ಲಾ ಡೀಲರ್ ಹತ್ರ ಕೇಳಿ, ಈಗಿನ ಫೀಡಲ್ಲಿ ಬಹುಪಾಲು ಫೈಟೇಸ್ ಅನ್ನೋ ಎಂಜೈಮ್ ಇದ್ದೇ ಇರತ್ತೆ, ಅದ್ರ ಮೇಲೆ ಮತ್ತೆ ಹಾಕೋದು ಉಪ್ಪು ಹಾಕಿದ ಸಾರಿಗೆ ಇನ್ನೊಂದ್ಸಲ ಉಪ್ಪು ಹಾಕ್ದಂಗೆ, ಕೋಳಿ ಸಾಯಲ್ಲ ಆದ್ರೆ ದುಡ್ಡು ಹೋಗತ್ತೆ. ಕಾಂಟ್ರಾಕ್ಟ್ ಸಾಕಣೆ ಆಗಿದ್ರಂತೂ ಸೂಪರ್‌ವೈಸರನ್ನ ಕೇಳ್ದೆ ಏನೂ ಬೆರೆಸ್ಬೇಡಿ.

ಎಂಜೈಮ್ ಅಂದ್ರೆ ಟಾನಿಕ್ ಅಲ್ಲ ಸರ್. ಮಾರೋರು ನಮ್ ಕೊಡಗಲ್ಲಿ ಕಕ್ಕಡ ತಿಂಗಳ ಹದಿನೆಂಟಕ್ಕೆ ತಿನ್ನೋ ಮದ್ದು ಸೊಪ್ಪಿನ ಥರ ಒಂದೇ ಪೊಟ್ಟಣಕ್ಕೆ ಹದಿನೆಂಟು ಗುಣ ಹೇಳ್ತಾರೆ, ಆದ್ರೆ ಒಂದೊಂದು ಎಂಜೈಮ್ ಒಂದೊಂದು ವಸ್ತುವನ್ನ ಮಾತ್ರ ಒಡೆಯತ್ತೆ, ಆ ವಸ್ತುನೇ ಫೀಡಲ್ಲಿ ಇಲ್ಲಾಂದ್ರೆ ಅದಕ್ಕೆ ಕೆಲ್ಸಾನೇ ಇಲ್ಲ. ಝೈಲನೇಸ್ ಅಂತ ಒಂದಿದೆ, ಗೋಧಿ ತಿನ್ನಿಸಿದಾಗ ಅದ್ರ ನಾರಿನ ಅಂಶ ಕರುಳಲ್ಲಿ ಬೆಂಡೆಕಾಯಿ ಲೋಳೆ ಥರ ಆಗತ್ತೆ, ತಿಂದಿದ್ದು ಜೀರ್ಣ ಆಗಲ್ಲ, ಹಿಕ್ಕೆ ಅಂಟಂಟಾಗಿ ಹಿಂಭಾಗದ ಪುಕ್ಕಕ್ಕೆ ಮೆತ್ಕೊಳತ್ತೆ, ಅಂಥಾ ಕಡೆ ಇದು ನಿಜವಾಗ್ಲೂ ಕೆಲ್ಸ ಮಾಡತ್ತೆ. ಬಾರ್ಲಿಗೆ ಬೀಟಾ ಗ್ಲುಕನೇಸ್. ಆದ್ರೆ ನಮ್ ಕಡೆ ಮುಸುಕಿನ ಜೋಳ, ಸೋಯಾ ಹಿಂಡಿ ಜಾಸ್ತಿ, ಅದ್ರಲ್ಲಿ ಆ ಲೋಳೆ ಕಾಟ ಕಡಿಮೆ, ಹಂಗಾಗಿ ಲಾಭಾನೂ ಸಣ್ಣದು.

ಫೈಟೇಸ್ ಕತೆ ಬೇರೆ. ಕಾಳು, ಹಿಂಡಿ, ತೌಡಲ್ಲಿರೋ ರಂಜಕದಲ್ಲಿ (ಫಾಸ್ಫರಸ್, ಎಲುಬಿಗೆ ಬೇಕಾದ ಖನಿಜ) ಸುಮಾರು ಮೂರರಲ್ಲಿ ಎರಡು ಪಾಲು ಫೈಟೇಟ್ ಅನ್ನೋ ಬೀಗದೊಳಗೆ ಇರತ್ತೆ, ಕೋಳಿಗೆ ಅದನ್ನ ತೆಗೆಯೋ ಶಕ್ತಿ ತೀರಾ ಕಡಿಮೆ, ಅದು ಹಿಕ್ಕೇಲಿ ಆಚೆ ಹೋಗತ್ತೆ, ನಾವು ಮತ್ತೆ ದುಡ್ಡು ಕೊಟ್ಟು ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್ ಪುಡಿ) ತಂದು ಹಾಕ್ತೀವಿ. ಫೈಟೇಸ್ ಆ ಬೀಗ ತೆಗೆಯತ್ತೆ. 1991ರಿಂದ ಮಾರ್ಕೆಟಲ್ಲಿ ಇದೆ, ಹೊಸದೇನಲ್ಲ. ಸಾಮಾನ್ಯ ಲೆಕ್ಕ ಏನಂದ್ರೆ ಕೆಜಿ ಫೀಡಿಗೆ 500 ಯೂನಿಟ್, ಅಂದ್ರೆ ಗ್ರಾಮಿಗೆ 5000 ಯೂನಿಟ್ ಇರೋ ಪೌಡರ್ ಆದ್ರೆ ಟನ್ನಿಗೆ 100 ಗ್ರಾಂ. ಅದು ಸರಿಯಾಗಿ ಕೆಲ್ಸ ಮಾಡಿದ್ರೆ ಟನ್ನಿಗೆ ಒಂದು ಕೆಜಿ ಹತ್ರ ರಂಜಕ ಬಿಡಿಸಿಕೊಡತ್ತೆ, ಡಿಸಿಪೀಲಿ ರಂಜಕ ಶೇಕಡಾ 18, ಹಂಗಾಗಿ ಐದೂವರೆ ಕೆಜಿ ಡಿಸಿಪಿ ಕಡಿಮೆ ಮಾಡ್ಬಹುದು. ಲಾಭ ಇರೋದು ಅಲ್ಲೇ! ನಾನು ಮೊದಲ ಎರಡು ಬ್ಯಾಚಲ್ಲಿ ಡಿಸಿಪಿ ಒಂದ್ ಕಾಳೂ ಕಡಿಮೆ ಮಾಡ್ದೆ ಮೇಲಿಂದ ಪೌಡರ್ ಉದುರಿಸಿ, ಕೋಳಿ ಚೆನ್ನಾಗಿದೆ ಅಂತ ಖುಷಿ ಪಟ್ಕೊಂಡೆ. ಕೋಳಿ ಮೊದಲೂ ಚೆನ್ನಾಗೇ ಇತ್ತು.

ಮೂರನೇ ಬ್ಯಾಚಲ್ಲಿ ಬುದ್ಧಿವಂತ ಆಗಿ ಡಿಸಿಪಿ ಇಳಿಸ್ದೆ. ಜುಲೈ ತಿಂಗಳು, ಬಿಡದ ಮಳೆ, ಚಳಿಗೆ ಮರಿ ಮುದುಡಿ ಕೂತಿವೆ ಅಂತ ಮನೇಲಿ ನಮ್ಮಮ್ಮ ಫೀಡಿಗೆ ಕುದಿಯೋ ನೀರು ಹಾಕಿ ಕಲಸಿ ಬಿಸಿಬಿಸಿ ಕೊಡ್ತಿದ್ರು, ನನಗೂ ಒಳ್ಳೇದೇ ಅನ್ನಿಸ್ತು. ಎಂಜೈಮ್ ಅಂದ್ರೆ ಪ್ರೋಟೀನು, ಮೊಟ್ಟೆ ಬೆಂದಂಗೆ ಅದೂ ಬೇಯತ್ತೆ ಅನ್ನೋದು ತಲೆಗೆ ಹೊಳೀಲೇ ಇಲ್ಲ. ಮೂರನೇ ವಾರಕ್ಕೆ ಕೆಲವು ಮರಿ ಫೀಡರ್ ಹತ್ರ ಮೊಣಕಾಲಲ್ಲಿ ಕೂತೇ ತಿನ್ನೋಕೆ ಶುರು ಮಾಡಿದ್ವು, ಎತ್ತಿ ಹಿಡ್ಕೊಂಡು ಕಾಲೆಲುಬು ಮೆಲ್ಲಗೆ ಬಗ್ಗಿಸಿದ್ರೆ ರಬ್ಬರ್ ಥರ ಬಾಗ್ತಿತ್ತು. ಪಶುವೈದ್ಯರು ಬಂದು ನೋಡಿ, ರಂಜಕ ಸಾಲ್ತಿಲ್ಲ, ಡಿಸಿಪಿ ವಾಪಸ್ ಹಾಕಿ ಅಂದ್ರು. ಸುಮಾರು ಕೋಳಿ ಚೇತರಿಸ್ಕೊಂಡ್ವು, ಕೆಲವಕ್ಕೆ ಕಾಲು ನೆಟ್ಟಗೆ ಆಗ್ಲೇ ಇಲ್ಲ. ಪೆಲ್ಲೆಟ್ ಮಾಡೋವಾಗ್ಲೂ ಇದೇ ಗೋಳು, 80 ಡಿಗ್ರಿ ಮೇಲೆ ಹೋಗತ್ತೆ, ಅದಕ್ಕೇ ಫ್ಯಾಕ್ಟರೀಲಿ ಬಿಸಿ ತಡ್ಕೊಳೋ ಥರದ್ದು ಹಾಕ್ತಾರೆ, ಇಲ್ಲಾ ತಣ್ಣಗಾದ ಮೇಲೆ ದ್ರಾವಣ ಸಿಂಪಡಿಸ್ತಾರೆ. ಒಡೆದ ಪೊಟ್ಟಣ ಶೆಡ್ ಕಿಟಕೀಲಿ ಇಡೋದೂ ತಪ್ಪು, ನಮ್ ಮಳೆಗಾಲದ ತೇವಕ್ಕೆ ಪೌಡರ್ ಗಂಟು ಕಟ್ಟತ್ತೆ.

ಬೆರೆಸೋದೂ ನೋಡ್ಕೋಬೇಕು, 100 ಗ್ರಾಮನ್ನ ಒಂದು ಟನ್ನಿಗೆ ನೇರ ಸುರಿದ್ರೆ ಒಂದ್ ಕೋಳಿಗೆ ಎಲ್ಲಾ ಸಿಗತ್ತೆ ಇನ್ನೊಂದಕ್ಕೆ ಏನೂ ಇಲ್ಲ. ಮೊದ್ಲು ಒಂದು ಕೆಜಿ ಜೋಳದ ಹಿಟ್ಟಿಗೆ, ಅದನ್ನ ಹತ್ತು ಕೆಜಿಗೆ, ಆಮೇಲೆ ಪೂರ್ತಿಗೆ. ಡಿಸಿಪಿ ಇಳಿಸಿದ್ರೆ ಅದ್ರಲ್ಲಿದ್ದ ಸುಣ್ಣದ ಅಂಶಾನೂ ಇಳಿಯತ್ತೆ, ಅದನ್ನ ತುಂಬೋಕೆ ಅಂತ ಸುಣ್ಣಕಲ್ಲಿನ ಪುಡಿ ಅಂದಾಜಲ್ಲಿ ಸುರೀಬೇಡಿ, ಸುಣ್ಣ ಜಾಸ್ತಿ ಆದ್ರೆ ಫೈಟೇಸ್ ಸರಿಯಾಗಿ ಓಡಲ್ಲ. ಗೋಣಿಕೊಪ್ಪ ಕೃಷಿ ವಿಜ್ಞಾನ ಕೇಂದ್ರದಲ್ಲೋ ನಿಮ್ ಪಶು ಆಸ್ಪತ್ರೇಲೋ ಲೆಕ್ಕ ತೋರಿಸಿ ಆಮೇಲೆ ಇಳಿಸಿ.

ಈಗ ನಿಮ್ ಒದ್ದೆ ಲಿಟ್ಟರ್. ನನಗನ್ಸೋದು ಅದು ಎಂಜೈಮಿನ ವಿಷ್ಯ ಅಲ್ವೇ ಅಲ್ಲ. ಒಂದು ಹಿಡಿ ಹೊಟ್ಟು ತಗೊಂಡು ಮುಷ್ಟಿ ಹಿಂಡಿ ಬಿಡಿ, ಉಂಡೆ ಹಂಗೇ ಗಟ್ಟಿಯಾಗಿ ನಿಂತ್ರೆ ತೇವ ಜಾಸ್ತಿ. ನೀರಿನ ಡ್ರಿಂಕರ್ ಕೆಳಗೆ ಮಾತ್ರ ಹಂಗಿದ್ರೆ ಡ್ರಿಂಕರ್ ಎತ್ತರ ಸರಿ ಮಾಡಿ, ಸೋರ್ತಿದ್ಯಾ ನೋಡಿ. ಇಡೀ ಶೆಡ್ ಹಂಗಿದ್ರೆ, ಎರಚಲು ಬರತ್ತೆ ಅಂತ ಪರದೆ ಪೂರ್ತಿ ಮುಚ್ಚಿರ್ತೀರಿ, ನಾವೂ ಮಾಡೋದು ಅದೇ. ಮೇಲ್ಗಡೆ ಒಂದಡಿ ತೆರೆದಿಡಿ, ದಿನಾ ಹೊಟ್ಟು ತಿರುವಿ ಹಾಕಿ. ಫೀಡಲ್ಲಿ ಉಪ್ಪು ಜಾಸ್ತಿ ಆದ್ರೂ ನೀರು ಕುಡಿದು ಕುಡಿದು ಹಿಕ್ಕೆ ನೀರಾಗತ್ತೆ. ಹಿಕ್ಕೇಲಿ ರಕ್ತ ಕಂಡ್ರೆ ಕಾಕ್ಸಿಡಿಯೋಸಿಸ್ ಅನ್ನೋ ಕರುಳಿನ ರೋಗ ಇರ್ಬಹುದು, ಅವತ್ತೇ ಡಾಕ್ಟರ್ ಹತ್ರ ಓಡಿ.

ತೌಡು, ಗೋಧಿ ಹಾಕಿ ನೀವೇ ಮಿಕ್ಸ್ ಮಾಡೋದಾದ್ರೆ ಮಾತ್ರ ಮುಂದಿನ ಬ್ಯಾಚಿಗೆ ಶೆಡ್ ನಡುವೆ ಮೆಶ್ ಕಟ್ಟಿ, ಒಂದೇ ದಿನದ ಮರಿ 250 ಆಕಡೆ 250 ಈಕಡೆ, ಒಂದ್ಕಡೆ ಎಂಜೈಮ್ ಹಾಕಿ, ತಿಂದ ಫೀಡೂ 35ನೇ ದಿನದ ತೂಕಾನೂ ಬರೆದಿಡಿ. ನಾನು ಹಂಗೆ ಮಾಡ್ದಾಗ ತೌಡಿನ ಫೀಡಲ್ಲಿ ವ್ಯತ್ಯಾಸ ತಕ್ಕಡೀಲೇ ಕಾಣ್ತು, ಬರೀ ಜೋಳ-ಸೋಯಾ ಬ್ಯಾಚಲ್ಲಿ ಎರಡೂ ಕಡೆ ಹೆಚ್ಚೂ ಕಮ್ಮಿ ಒಂದೇ. ಫೀಡ್ ಚೀಲದ ಚೀಟಿ ಫೋಟೋ ಹಾಕಿ, ಏನೇನಿದೆ ನೋಡಿ ಹೇಳ್ತೀನಿ.