ಮೂವತ್ತರ ಆಳಕ್ಕೆ ಇಳಿದರೂ ಎಂಜಿನ್‌ಗೆ ಕೋಟೆ ಕಾಣದೇಕೆ?

ಪ್ರಶ್ನೆ: ಚಿಂತಾಮಣಿಯಲ್ಲಿ ಶಾಲಾ ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. ಕಾಲಾಳುಗಳು ಎದುರುಬದುರಾಗಿ ನಿಂತು ದಾರಿಯೆಲ್ಲ ಮುಚ್ಚಿರುವ ಒಂದು ಸ್ಥಿತಿಯಲ್ಲಿ ಬಿಳಿಯ ಬಳಿ ಒಂದು ಆನೆ ಹೆಚ್ಚಿಗಿದೆ. ಅದಕ್ಕೆ ಒಳನುಗ್ಗುವ ಜಾಗವೇ ಇಲ್ಲವೆಂದು ಮಕ್ಕಳೇ ಹೇಳುತ್ತಾರೆ. ಮೊಬೈಲಿನ ಎಂಜಿನ್ (ಚೆಸ್ ಆಡುವ ತಂತ್ರಾಂಶ) ಮಾತ್ರ ಮೂವತ್ತರ ಆಳದಲ್ಲೂ ಬಿಳಿಯೇ ಗೆಲ್ಲುವಂತೆ ಅಂಕ ತೋರಿಸುತ್ತದೆ. ಯಾರ ಮಾತು ಸರಿ?

ಉತ್ತರ: ನೀವು ವಿವರಿಸಿದಂತೆ ದಾರಿ ನಿಜಕ್ಕೂ ಮುಚ್ಚಿದ್ದರೆ ಮಕ್ಕಳ ಮಾತೇ ಸರಿ. ಬಲ ಕಡಿಮೆಯಿದ್ದವರೂ ಎದುರಾಳಿಯನ್ನು ಒಳಬಿಡದೆ ಡ್ರಾ ಮಾಡಿಕೊಳ್ಳಬಲ್ಲ ಇಂಥ ಸ್ಥಿತಿಗೆ ಚೆಸ್ಸಿನಲ್ಲಿ ಕೋಟೆ ಎನ್ನುತ್ತಾರೆ. ಮೂವತ್ತರ ಆಳವೆಂದರೆ ಎರಡೂ ಕಡೆಯ ನಡೆಗಳನ್ನು ಸೇರಿಸಿದ ಲೆಕ್ಕ, ಅಂದರೆ ಒಬ್ಬೊಬ್ಬರಿಗೆ ಹದಿನೈದು ನಡೆ. ಅಷ್ಟರೊಳಗೂ ಎಂಜಿನ್ ಎಲ್ಲ ಕವಲುಗಳನ್ನು ನೋಡುವುದಿಲ್ಲ. ಒಂದು ಸ್ಥಿತಿಯಲ್ಲಿ ಸರಾಸರಿ ಮೂವತ್ತು ನಡೆಗಳು ಸಾಧ್ಯವೆಂದು ಗಣಿತಜ್ಞ ಕ್ಲಾಡ್ ಶಾನನ್ 1950ರಲ್ಲೇ ಲೆಕ್ಕ ಹಾಕಿದ್ದರು. ಆದ್ದರಿಂದ ನಿಷ್ಪ್ರಯೋಜಕವೆಂದು ತೋರುವ ಕವಲುಗಳನ್ನು ಕತ್ತರಿಸುತ್ತ ಸಾಗದೆ ಯಂತ್ರಕ್ಕೆ ಬೇರೆ ದಾರಿಯಿಲ್ಲ.

ಹುಡುಕಾಟ ನಿಂತ ಕಡೆ ಎಂಜಿನ್ ಆ ಸ್ಥಿತಿಗೊಂದು ಅಂಕ ಕೊಡುತ್ತದೆ. ಮುಚ್ಚಿದ ಸ್ಥಿತಿಯಲ್ಲಿ ಆನೆ ಅತ್ತಿತ್ತ ಓಡಾಡಿದರೂ ಕೊನೆಯಲ್ಲಿ ಅದು ಹಲಗೆಯ ಮೇಲೇ ಇರುತ್ತದೆ, ಅಂಕವೂ ಹಾಗೇ ಉಳಿಯುತ್ತದೆ. 'ಏನೂ ಆಗುತ್ತಿಲ್ಲ' ಎಂಬುದನ್ನು ಡ್ರಾ ಎಂದು ಸಾರಬಲ್ಲದ್ದು ಐವತ್ತು ನಡೆಗಳ ನಿಯಮ. ಯಾವ ಕಾಯಿಯೂ ಹೊಡೆಯಲ್ಪಡದೆ, ಯಾವ ಕಾಲಾಳೂ ಕದಲದೆ ಇಬ್ಬರೂ ಐವತ್ತೈವತ್ತು ನಡೆ ಆಡಬೇಕಾದ್ದರಿಂದ, ಎಂಜಿನ್ನಿನ ಲೆಕ್ಕದಲ್ಲಿ ಅದು ನೂರರ ಆಳದಲ್ಲಿದೆ. 2008ರಲ್ಲಿ ಅಮೆರಿಕದ ಗ್ರ್ಯಾಂಡ್ ಮಾಸ್ಟರ್ ಹಿಕಾರು ನಾಕಾಮುರಾ ರಿಬ್ಕಾ ಎಂಬ ಎಂಜಿನ್ನಿನ ವಿರುದ್ಧ ಇಂಥದೇ ಮುಚ್ಚಿದ ಆಟ ಕಟ್ಟಿ ಸುಮ್ಮನೆ ಕಾದರು. ತಾನೇ ಮೇಲೆಂದು ನಂಬಿದ್ದ ಯಂತ್ರ ಆ ಡ್ರಾ ಹತ್ತಿರವಾದಾಗ ಅದನ್ನು ತಪ್ಪಿಸಲು ಹೋಗಿ ತನ್ನ ಸ್ಥಿತಿಯನ್ನೇ ಕೆಡಿಸಿಕೊಂಡು ಸೋತಿತು.

ದೀರ್ಘ ಯೋಜನೆಗಳ ತೊಡಕೂ ಇಲ್ಲೇ ಇದೆ. ಇಂದು ಮೂಡಿಸಿದ ದುರ್ಬಲ ಕಾಲಾಳು ಇಪ್ಪತ್ತೈದು ನಡೆಗಳ ಬಳಿಕ ಬೀಳುವುದಾದರೆ, ಅದರ ಬೆಲೆಯನ್ನು ಹುಡುಕಾಟವಲ್ಲ, ಅಂಕ ಕೊಡುವ ವಿವೇಕವೇ ಗುರುತಿಸಬೇಕು. ತನ್ನೊಂದಿಗೇ ಆಡಿ ಚೆಸ್ ಕಲಿತ 2017ರ ಆಲ್ಫಾಝೀರೋ ಎಂಬ ಯಂತ್ರ ಸೆಕೆಂಡಿಗೆ ಸುಮಾರು 80 ಸಾವಿರ ಸ್ಥಿತಿಗಳನ್ನಷ್ಟೇ ನೋಡಿ, 7 ಕೋಟಿ ನೋಡುತ್ತಿದ್ದ ಎಂಜಿನ್ ಸ್ಟಾಕ್‌ಫಿಶ್ಅನ್ನು ಸೋಲಿಸಿದ್ದು ಆ ವಿವೇಕದ ಬಲದಿಂದ. ನನ್ನ ದೃಷ್ಟಿಯಲ್ಲಿ ಕಂಪ್ಯೂಟರ್ ಚೆಸ್ಸಿನ ಅತಿ ದೊಡ್ಡ ಪಾಠವಿದು. 2020ರಿಂದ ಸ್ಟಾಕ್‌ಫಿಶ್ ಕೂಡ ಅಂಕ ಕೊಡಲು ನರಜಾಲವನ್ನು (ಉದಾಹರಣೆಗಳಿಂದ ಕಲಿಯುವ ಗಣಕ ವ್ಯವಸ್ಥೆ) ಬಳಸುತ್ತಿದೆ. ಆದರೂ ಕೋಟೆಗಳು ಇಂದಿಗೂ ಅದನ್ನು ತಪ್ಪುದಾರಿಗೆಳೆಯುತ್ತವೆ.

ಅಂಕವನ್ನೇ ತೀರ್ಪೆಂದು ತಿಳಿಯದೆ, ಎಂಜಿನ್ ಸೂಚಿಸಿದ ನಡೆಗಳನ್ನು ಹಲಗೆಯ ಮೇಲೆ ಇಪ್ಪತ್ತರವರೆಗೆ ಆಡಿ ನೋಡಿ. ನಿಜವಾದ ಮೇಲುಗೈಯಾದರೆ ಅಂಕ ಏರುತ್ತ ಹೋಗುತ್ತದೆ. ಇದ್ದಲ್ಲೇ ನಿಂತರೆ ಅಥವಾ ಮೆಲ್ಲಗೆ ಇಳಿದರೆ ಕೋಟೆಯನ್ನು ಶಂಕಿಸಿ, ಬಿಳಿಯ ಆನೆ ಯಾವ ಮನೆಯಿಂದ ಒಳಹೊಗಬಲ್ಲದೆಂದು ಮಕ್ಕಳಿಂದಲೇ ಹುಡುಕಿಸಿ.