ಮದುವೆಗೆ ಹೋಗೋ ದಿನ ಎರಡು ಮಾತ್ರೆ

ಹೆಸರು, ಊರು ಎಲ್ಲ ಬದಲಾಯಿಸಿದೀನಿ, ಅವರ ಒಪ್ಪಿಗೆ ತಗೊಂಡೇ ಬರೀತಿರೋದು. ಕೊಡಗಿನವರು, 60 ದಾಟಿದ ನಿವೃತ್ತ ಟೀಚರ್, ಇಲ್ಲಿ ಸರೋಜಕ್ಕ ಅಂತ ಕರೀತೀನಿ. ನನ್ನ ಹತ್ರ ಸಲಹೆಗೆ ಅಂತ ಕರ್ಕೊಂಡು ಬಂದಿದ್ದು ಸೊಸೆ. "ಅತ್ತೆಗೆ ಮರೆವು ಜಾಸ್ತಿ ಆಗ್ತಿದೆ ಮೇಡಂ, ಮಾತಾಡ್ತಾ ಮಾತಾಡ್ತಾ ಎಲ್ಲಿದ್ದೆ ಅಂತಾರೆ, ಯಾರ ಮನೆಗೂ ಬರಲ್ಲ ಅಂತಾರೆ, ಡಿಪ್ರೆಶನ್ ಏನಾದ್ರೂ ಇರಬಹುದಾ" ಅಂತ ಅವರ ಆತಂಕ. ಮಾವ ಮಾತ್ರ ವಯಸ್ಸಾಯ್ತಲ್ಲ, ಅರಳು ಮರಳು ಅಂತ ಬಿಟ್ಟುಬಿಟ್ಟಿದ್ರಂತೆ.

ಸೊಸೆ ಹೊರಗೆ ಹೋಗಿ ಕೂತ ಮೇಲೂ ಸರೋಜಕ್ಕ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ನಿಧಾನಕ್ಕೆ ಹೇಳಿದ್ರು, "ನಾಚಿಕೆ ಆಗುತ್ತಮ್ಮ, ಒಂದಕ್ಕೆ ಬಂತು ಅಂದ್ರೆ ತಡೆಯೋಕೇ ಆಗಲ್ಲ, ಹಿತ್ತಲ ಬಾತ್‌ರೂಮಿನ ಚಿಲಕ ತೆಗೆಯೋಷ್ಟರಲ್ಲಿ ಸೀರೆ ಒದ್ದೆ." ಇದಕ್ಕೆ ಡಾಕ್ಟ್ರು ಸೊಲಿಫೆನಾಸಿನ್ 5 ಮಿ.ಗ್ರಾಂ ದಿನಕ್ಕೆ ಒಂದು ಅಂತ ಬರೆದುಕೊಟ್ಟಿದ್ರು, ಮನೇಲಿ ಯಾರಿಗೂ ಗೊತ್ತಿಲ್ಲ, ಅಕ್ಕಿ ಡಬ್ಬದ ಹಿಂದೆ ಇಟ್ಕೊಂಡು ತಗೋತಿದ್ರು. ಮದುವೆಗೋ, ಮೈಸೂರಿಗೆ ಬಸ್ಸಲ್ಲೋ ಹೋಗೋದಿದ್ರೆ ಎರಡು ನುಂಗೋದು, ಜೊತೆಗೆ ಬೆಳಗ್ಗೆಯಿಂದ ನೀರೇ ಕುಡಿಯಲ್ಲ.

ಪರ್ಸಲ್ಲಿ ಇರೋದನ್ನೆಲ್ಲ ಟೇಬಲ್ ಮೇಲೆ ಇಡಿ ಅಂದೆ. ಸೊಲಿಫೆನಾಸಿನ್ ಸ್ಟ್ರಿಪ್ ಜೊತೆ ಮಳೆಗಾಲದ ನೆಗಡಿಗೆ ಅಂತ ಮೆಡಿಕಲ್ ಶಾಪಿಂದ ತಂದ ಮಾತ್ರೆ, ಅದರಲ್ಲಿ ಕ್ಲೋರ್‌ಫೆನಿರಮೈನ್ ಇತ್ತು, ಹೊಟ್ಟೆನೋವಿಗೆ ಅಂತ ಡೈಸೈಕ್ಲೊಮಿನ್ ಬೇರೆ. ನಂಗೆ ಹೆದರಿಕೆ ಆಗಿದ್ದೇ ಅಲ್ಲಿ, ಯಾಕಂದ್ರೆ ಮೂರೂ ಒಂದೇ ಕಡೆ ಎಳೆಯೋ ಔಷಧಿಗಳು. ಮೂತ್ರಕೋಶದ ಸ್ನಾಯು ಬೇಡದ ಹೊತ್ತಲ್ಲಿ ಹಿಂಡೋದನ್ನ ನಿಲ್ಸೋಕೆ ಸೊಲಿಫೆನಾಸಿನ್ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕದ ಕೆಲಸಕ್ಕೆ ತಡೆ ಹಾಕುತ್ತೆ, ಆದ್ರೆ ಬಾಯಲ್ಲಿ ಜೊಲ್ಲು ಬರೋಕೆ, ಕರುಳು ಓಡೋಕೆ, ತಲೆ ಚುರುಕಾಗಿರೋಕೂ ಅದೇ ಬೇಕು, ಹಂಗಾಗಿ ಬಾಯಿ ಒಣಗುತ್ತೆ, ಮಲಬದ್ಧತೆ ಆಗುತ್ತೆ, ಕಣ್ಣು ಮಂಜಾಗುತ್ತೆ, ವಯಸ್ಸಾದವರಿಗೆ ಮಂಕು, ಗೊಂದಲ ಬರಬಹುದು. ಇಂಥ ಮೂರು ಸೇರಿದ್ರೆ ಇವೆಲ್ಲ ಇನ್ನೂ ಹೆಚ್ಚಾಗುತ್ತೆ. ಸರೋಜಕ್ಕನಿಗೆ ಮಲ ಹೋಗಿ 5 ದಿನ ಆಗಿತ್ತು, ಅದಕ್ಕೆ ಬಂದ ಹೊಟ್ಟೆನೋವಿಗೇ ಇನ್ನೊಂದು ಮಾತ್ರೆ ನುಂಗ್ತಿದ್ರು!

ಔಷಧಿ ಬದಲಾಯಿಸೋದು ನನ್ನ ಕೆಲಸ ಅಲ್ಲ, ಮುಂದಿನ ಮಾತ್ರೆ ಮುಟ್ಟೋಕೆ ಮುಂಚೆ ಇವತ್ತೇ ಡಾಕ್ಟ್ರ ಹತ್ರ ಹೋಗಿ, ಈ ಸ್ಟ್ರಿಪ್‌ಗಳನ್ನ ಎಲ್ಲಾನೂ ಒಂದೇ ಕವರಲ್ಲಿ ಹಾಕ್ಕೊಂಡು ಹೋಗಿ, ಹೇಳೋಕೆ ನಾಚಿಕೆ ಆದ್ರೆ ಕವರ್ ಟೇಬಲ್ ಮೇಲಿಡಿ ಸಾಕು ಅಂದೆ. ಎರಡು ನುಂಗೋದ್ರಿಂದ ಏನೂ ಲಾಭ ಇಲ್ಲ ಅಂತಾನೂ ಹೇಳ್ದೆ. ಇದು ತಲೆನೋವಿನ ಮಾತ್ರೆ ಥರ ಅರ್ಧ ಗಂಟೇಲಿ ಕೆಲಸ ಮಾಡಲ್ಲ, ಪೂರ್ತಿ ಗುಣ ಗೊತ್ತಾಗೋಕೇ ಕೆಲವು ವಾರ ಬೇಕು, ರಕ್ತದಲ್ಲಿ ಇದರ ಪ್ರಮಾಣ ಅರ್ಧಕ್ಕೆ ಇಳಿಯೋಕೇ ಸುಮಾರು 2 ದಿನ ಹಿಡಿಯುತ್ತೆ, ಅಂದ್ರೆ ಮದುವೆ ದಿನ ನುಂಗಿದ ಹೆಚ್ಚುವರಿ ಮಾತ್ರೆ ಮದುವೆ ಮುಗಿದ ಮೇಲೂ ಮೈಯಲ್ಲೇ ಇರುತ್ತೆ. 10 ಮಿ.ಗ್ರಾಂ ಕೊಡೋದೂ ಉಂಟು, ಆದ್ರೆ ಕಿಡ್ನಿ, ಲಿವರ್ ನೋಡಿ ಡಾಕ್ಟ್ರೇ ಏರಿಸಬೇಕು. ಒಂದಿನ ಮರೆತ್ರೆ ಮರುದಿನ ಎರಡು ಬೇಡ. ಅಗಿಯೋದು, ಪುಡಿ ಮಾಡೋದು ಬೇಡ, ನೀರಲ್ಲಿ ಹಂಗೇ ನುಂಗಬೇಕು. ಗ್ಲಾಕೋಮ (ಕಣ್ಣಿನೊಳಗೆ ಒತ್ತಡ ಏರೋ ಕಾಯಿಲೆ) ಇದ್ರೆ ಮೊದಲೇ ಹೇಳಬೇಕು. ಉಚ್ಚೆ ಕಟ್ಟಿಕೊಂಡು ಬರದೇ ಇದ್ರೆ, ಕಿಬ್ಬೊಟ್ಟೆ ಬಿಗಿದು ನೋವಾದ್ರೆ ಬೆಳಗಾಗ್ಲಿ ಅಂತ ಕಾಯೋ ಹಂಗಿಲ್ಲ, ರಾತ್ರಿಯಾದ್ರೂ ಎಮರ್ಜೆನ್ಸಿಗೆ ಓಡಬೇಕು.

ಮನೇಲಿ ಹೇಳೋದು ಹೆಂಗೆ ಅನ್ನೋದೇ ಅವರಿಗೆ ದೊಡ್ಡ ಚಿಂತೆ. ನಾನು ಕೊಡಗಿನವರು ಆಚರಿಸೋ ಕಕ್ಕಡ ತಿಂಗಳ 18ನೇ ದಿನ ನೆನಪಿಸಿದೆ, ಅವತ್ತು ಉಚ್ಚೆ ಕೆಂಪಾಗಿಸೋ ಮದ್ದುಸೊಪ್ಪಿನ ಪಾಯಸ ತಿಂದು ಮನೆ ಮಂದಿಯೆಲ್ಲ ಕೆಂಪಾಯ್ತಾ ಕೆಂಪಾಯ್ತಾ ಅಂತ ಒಬ್ಬರನ್ನೊಬ್ಬರು ಕೇಳ್ತಾರೆ, ಚಿಕ್ಕ ಮಕ್ಕಳೂ ಹೇಳ್ಕೊಂಡು ಓಡಾಡ್ತಾವೆ, ಯಾರಿಗೂ ಮುಜುಗರ ಇಲ್ಲ. ಸರೋಜಕ್ಕ ಅವತ್ತು ಮೊದಲ ಸಲ ನಕ್ಕರು. ಸೊಸೆಯನ್ನ ಒಳಗೆ ಕರೆದು ಅವರ ಬಾಯಿಂದಲೇ ಹೇಳಿಸಿದ್ವಿ, ಆ ಹುಡುಗಿ ಅತ್ತೆ ಕೈ ಹಿಡ್ಕೊಂಡು "ಇದಕ್ಕಾ ಅತ್ತೆ ನೀವು ಎಲ್ಲೂ ಬರ್ತಿರಲಿಲ್ಲ" ಅಂದಾಗ ನಂಗೂ ಗಂಟಲು ಕಟ್ಟಿತು. (ಮದ್ದುಸೊಪ್ಪಿನ ಬಣ್ಣ ಬೇಗ ಹೋಗುತ್ತೆ, ಹೋಗದೇ ಇದ್ರೆ ಅಥವಾ ಸೊಪ್ಪು ತಿನ್ನದೇ ಕೆಂಪಾದ್ರೆ ಟೆಸ್ಟ್ ಮಾಡಿಸಲೇಬೇಕು.)

ಡಾಕ್ಟ್ರು ಯೂರಿನ್, ಶುಗರ್ ಟೆಸ್ಟ್ ಮಾಡಿಸಿ, ಉಚ್ಚೆ ಹೊಯ್ದ ಮೇಲೆ ಒಳಗೆ ಎಷ್ಟು ಉಳಿಯುತ್ತೆ ಅಂತ ಸ್ಕ್ಯಾನ್ ಮಾಡಿ, ನೆಗಡಿ ಮಾತ್ರೆ, ಹೊಟ್ಟೆನೋವಿನ ಮಾತ್ರೆ ಎರಡೂ ನಿಲ್ಲಿಸಿದ್ರು, ಸೊಲಿಫೆನಾಸಿನ್ ಬದಲು ಮಿರಾಬೆಗ್ರಾನ್ ಶುರು ಮಾಡಿದ್ರು. ಅದು ಬೇರೆ ದಾರೀಲಿ ಕೆಲಸ ಮಾಡುತ್ತೆ, ಬಾಯಿ ಒಣಗೋದು ಕಡಿಮೆ, ಆದ್ರೆ ಬಿಪಿ ಏರಿಸಬಹುದು, ಮೇಲಿನದು 180 ಅಥವಾ ಕೆಳಗಿನದು 110 ಮುಟ್ಟಿಯೋ ದಾಟಿಯೋ ಹತೋಟಿಗೆ ಬರದ ಬಿಪಿ ಇರೋರಿಗೆ ಕೊಡೋ ಹಂಗೇ ಇಲ್ಲ, ಅದಕ್ಕೆ ಸೊಸೆ ಈಗ ಬಿಪಿ ನೋಡಿ ಬರೆದಿಡ್ತಾಳೆ.

ನನ್ನ ಪಾಲಿನ ಕೆಲಸ ಅಭ್ಯಾಸ ತಿದ್ದೋದು. ಬೆಲ್ಲದ ಕಾಫಿ ದಿನಕ್ಕೆ ಆರು ಲೋಟ ಇತ್ತು, ಒಮ್ಮೆಲೇ ಬಿಟ್ರೆ ತಲೆ ಸಿಡಿಯುತ್ತೆ ಅಂತ ನಿಧಾನಕ್ಕೆ ಎರಡಕ್ಕೆ ಇಳಿಸಿದ್ವಿ, ಕೊಡಗಲ್ಲಿ ಯಾರ ಮನೆಗೆ ಹೋದ್ರೂ ಕಾಫಿ ಬೇಡ ಅನ್ನೋದು ಎಷ್ಟು ಕಷ್ಟ ಅಂತ ಗೊತ್ತಲ್ಲ. ನೀರು ಬಿಡೋದು ಬೇಡ, ಕಮ್ಮಿ ಕುಡಿದ್ರೆ ಉಚ್ಚೆ ಗಟ್ಟಿಯಾಗಿ ಮೂತ್ರಕೋಶ ಇನ್ನೂ ಕೆರಳುತ್ತೆ, ಸಂಜೆ ಮೇಲೆ ಮಾತ್ರ ಕಡಿಮೆ ಮಾಡಿ ಅಂದೆ. ಅವಸರ ಬಂದಾಗ ಓಡದೆ ನಿಂತಲ್ಲೇ ನಿಂತು ಉಚ್ಚೆ ತಡೆಹಿಡಿಯೋ ಕೆಳಗಿನ ಸ್ನಾಯು ನಾಲ್ಕೈದು ಸಲ ಬಿಗಿದು ಬಿಟ್ಟು, ಆ ಅಲೆ ಇಳಿದ ಮೇಲೆ ನಡೀಬೇಕು.

ಪೂರ್ತಿ ನಿಂತಿಲ್ಲ, ರಾತ್ರಿ ಒಂದು ಸಲ ಏಳ್ತಾರೆ. ಮಂಕು ಹೋಗಿದೆ. ಮೊನ್ನೆ ಫೋನ್ ಮಾಡಿ ವಿರಾಜಪೇಟೆಲಿ ತಂಗಿ ಮಗಳ ಮದುವೆ, ಅವತ್ತೊಂದಿನಕ್ಕೆ ಹಳೇ ಸ್ಟ್ರಿಪ್ಪಿಂದ ಒಂದು ಸೇರಿಸಿ ತಗೊಳ್ಲಾ ಅಂತ ಕೇಳಿದ್ರು. ಬೇಡ ಸರೋಜಕ್ಕ, ಆ ಸ್ಟ್ರಿಪ್ ಮನೇಲಿ ಇಟ್ಕೊಳ್ಳೋದೇ ಬೇಡ, ಮೆಡಿಕಲ್ ಶಾಪಲ್ಲಿ ಕೊಟ್ಟುಬಿಡಿ, ಏನಾದ್ರೂ ಬೇಕು ಅನಿಸಿದ್ರೆ ಒಂದು ವಾರ ಮುಂಚೆನೇ ಡಾಕ್ಟ್ರನ್ನ ಕೇಳಿ, ಬ್ಯಾಗಲ್ಲಿ ಒಂದು ಪ್ಯಾಡ್ ಇರಲಿ, ಮಂಟಪದಲ್ಲಿ ಟಾಯ್ಲೆಟ್ ಎಲ್ಲಿದೆ ಅಂತ ಹೋದ ತಕ್ಷಣ ಸೊಸೆ ನೋಡಿ ಬರ್ಲಿ ಅಂದೆ.