ಹಾಲು ತರೋಕೆ ಹೋದಾಗ ಕಂಡ ಪಿಸ್ತೂಲು

ಅಮೆರಿಕದ ಟೆಕ್ಸಾಸಿನ ಪ್ಲೇನೋಗೆ ಬಂದು ಮೂರು ವಾರ ಆಯ್ತು ಅಂದಿರಿ. ಎಚ್‌1ಬಿ ವೀಸಾ, ಮಗಳಿಗೆ 6 ವರ್ಷ. ಭಾನುವಾರ ಅಂಗಡಿಗೆ ಹೋದಾಗ ಹಾಲಿನ ಫ್ರಿಜ್ ಮುಂದೆ ನಿಂತಿದ್ದವನ ಸೊಂಟದಲ್ಲಿ ಪಿಸ್ತೂಲು ಕಂಡಿತು. ಪೊಲೀಸ್ ಅಲ್ಲ, ಚಡ್ಡಿ ಹಾಕಿಕೊಂಡ ಮಾಮೂಲಿ ಮನುಷ್ಯ. ನಿಮ್ಮ ಮನೆಯವರು ಸಾಮಾನಿನ ಗಾಡಿ ಅಲ್ಲೇ ಬಿಟ್ಟು, ಮಗುವನ್ನು ಎತ್ತಿಕೊಂಡು ಹೊರಗೆ ಬಂದುಬಿಟ್ಟರು. ಇಲ್ಲಿ ದಿನಾ ಹೀಗೇನಾ, ಪೊಲೀಸರಿಗೆ ಹೇಳಬೇಕಿತ್ತಾ, ನಾವೂ ಒಂದು ತಗೋಬೇಕಾ, ಇಲ್ಲಾ ಕ್ಯಾಲಿಫೋರ್ನಿಯಾ ಕಡೆ ಕೆಲಸ ಹುಡುಕಬೇಕಾ ಅಂತ ಕೇಳಿದ್ದೀರಿ.

ಮೊದಲು ನಿಮ್ಮ ಮನೆಯವರಿಗೆ ಹೇಳಿ, ಅವರು ಮಾಡಿದ್ದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ನನಗೂ ಮೊದಲ ಸಲ ಹಾಗೇ ಆಗಿತ್ತು. 2016ರ ವಸಂತ. ಗಿಡದ ನರ್ಸರಿಯಲ್ಲಿ ಟೊಮ್ಯಾಟೊ ಸಸಿ ನೋಡುತ್ತಿದ್ದೆ. ಪಕ್ಕದಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜ. ಬಗ್ಗಿ ಕುಂಡ ಎತ್ತಿಕೊಂಡಾಗ ಅಂಗಿ ಮೇಲೆ ಸರಿಯಿತು. ಬೆಲ್ಟಿಗೆ ಸಿಕ್ಕಿಸಿದ ಚರ್ಮದ ಚೀಲ, ಅಂಚಿನಲ್ಲಿ ಸವೆದು ಬೆಳ್ಳಗಾಗಿತ್ತು. ಅದರಿಂದ ಕಪ್ಪು ಹಿಡಿ ಹೊರಗೆ ಇಣುಕುತ್ತಿತ್ತು. ನನ್ನ ಕಾಲು ಅಲ್ಲೇ ನಿಂತವು. ಆತ ತಿರುಗಿ, ಬೆಂಡೆಕಾಯಿ ಯಾವಾಗ ಹಾಕುತ್ತೀ ಅಂತ ಕೇಳಿದ! ನೆಲ ಚೆನ್ನಾಗಿ ಬಿಸಿಯಾದ ಮೇಲೆ ಅಂದೆ. ಹತ್ತು ನಿಮಿಷ ಬೆಂಡೆ ಬಗ್ಗೆಯೇ ಮಾತಾಡಿದೆವು. ನನ್ನ ಕಣ್ಣು ಮಾತ್ರ ಆ ಚೀಲದ ಮೇಲೇ ಇತ್ತು.

ವಿಚಿತ್ರ ಏನು ಗೊತ್ತಾ? 2006ರಲ್ಲಿ ನಾನು ಬಂದಾಗ ಇದು ಇಲ್ಲಿ ಕಾನೂನಿಗೆ ವಿರುದ್ಧ. ಸಿನಿಮಾ ನೋಡಿ ಟೆಕ್ಸಾಸ್ ಅಂದರೆ ಎಲ್ಲರ ಸೊಂಟದಲ್ಲೂ ಪಿಸ್ತೂಲು ಅಂದುಕೊಂಡಿರುತ್ತೇವೆ. ಆದರೆ 1871ರಲ್ಲೇ ಇಲ್ಲಿ ಕೈಬಂದೂಕು ಇಟ್ಟುಕೊಂಡು ಓಡಾಡುವುದಕ್ಕೆ ತಡೆ ಹಾಕಿದ್ದರು. ಜಾರ್ಜ್ ಬುಷ್ ಗವರ್ನರ್ ಆಗಿದ್ದಾಗ, 1995ರಲ್ಲಿ, ಲೈಸೆನ್ಸ್ ತಗೊಂಡು ಬಟ್ಟೆಯೊಳಗೆ ಮುಚ್ಚಿಟ್ಟುಕೊಳ್ಳಬಹುದು ಅಂತ ಕಾನೂನು ಬಂತು. ಕಾಣುವ ಹಾಗೆ ಇಟ್ಟುಕೊಳ್ಳಲು ಬಿಟ್ಟಿದ್ದು 2016ರ ಜನವರಿ 1ರಿಂದ, ಅದೂ ಲೈಸೆನ್ಸ್ ಇದ್ದವರಿಗೆ. 2021ರ ಸೆಪ್ಟೆಂಬರ್ 1ರಿಂದ ಲೈಸೆನ್ಸೂ ಬೇಡ ಅಂದರು. ಕಾನೂನಿನಲ್ಲಿ ಅಡ್ಡಿ ಇರಬಾರದು, ಕಾಣುವ ಹಾಗಿದ್ದರೆ ಗನ್ ಅದರ ಚೀಲದಲ್ಲಿ, ಅಂದರೆ ಹೋಲ್‌ಸ್ಟರ್‌ನಲ್ಲಿ ಇರಬೇಕು. ಅಷ್ಟೇ. ಅಂದರೆ ನೀವು ನೋಡಿದ್ದು ಹಳೇ ಸಂಪ್ರದಾಯ ಅಲ್ಲ, ನನ್ನ ಕಣ್ಣೆದುರಿಗೇ ಬಂದ ಹೊಸ ರೂಢಿ.

ದಿನಾ ಕಾಣುತ್ತದಾ? ಇಲ್ಲ. ಪೊಲೀಸರನ್ನು ಬಿಟ್ಟರೆ ಇಷ್ಟು ವರ್ಷದಲ್ಲಿ ಹೆಚ್ಚೆಂದರೆ ಇಪ್ಪತ್ತು ಸಲ ನೋಡಿರಬಹುದು. ಗನ್ ಇಟ್ಟುಕೊಳ್ಳುವವರಲ್ಲೇ ಎಷ್ಟೋ ಜನಕ್ಕೆ ಹೀಗೆ ತೋರಿಸಿಕೊಂಡು ಓಡಾಡುವುದು ಇಷ್ಟವಿಲ್ಲ. ನನ್ನ ಆಫೀಸಿನ ಒಬ್ಬರು, ಹುಟ್ಟಾ ಟೆಕ್ಸಾಸಿನವರು, ಅದನ್ನು ಶೋಕಿ ಅಂತಲೇ ಕರೆಯುತ್ತಾರೆ.

ಅದಕ್ಕೇ ನನ್ನ ಮಾತು ಇಷ್ಟು. ಸೊಂಟದಲ್ಲಿ ಕಂಡ ಗನ್ ಬಗ್ಗೆ ನಿದ್ದೆ ಕೆಡಿಸಿಕೊಳ್ಳಬೇಡಿ. ಕಾಣದೇ ಇರುವ ಗನ್ ಇದೆಯಲ್ಲ, ಕಾರಿನ ಡ್ರಾಯರಿನಲ್ಲಿ, ಮಂಚದ ಪಕ್ಕ, ಹ್ಯಾಂಡ್‌ಬ್ಯಾಗಿನಲ್ಲಿ, ನಿಗಾ ಇಡಬೇಕಾದ್ದು ಅದರ ಮೇಲೆ.

ಕಾರಿನದು ಮೊದಲು. 2007ರಿಂದಲೇ ಇಲ್ಲಿ ಲೈಸೆನ್ಸ್ ಇಲ್ಲದೆ ಸ್ವಂತ ಕಾರಿನಲ್ಲಿ ಕೈಬಂದೂಕು ಇಟ್ಟುಕೊಳ್ಳಬಹುದು. ಸಿಲ್ಕ್ ಬೋರ್ಡಿನಲ್ಲಿ ಕಲಿತದ್ದನ್ನೆಲ್ಲ ಅಲ್ಲೇ ಬಿಟ್ಟುಬಿಡಿ. ನಮ್ಮಲ್ಲಿ ಹಾರ್ನ್ ಅಂದರೆ 'ನಾನು ಬಂದೆ ಸ್ವಾಮಿ' ಅಂತ ಅರ್ಥ, ಇಲ್ಲಿ ಅದು ಬೈಗುಳ. ಯಾರಾದರೂ ಅಡ್ಡ ಬಂದರೆ ಬಿಟ್ಟುಬಿಡಿ. ಕೈ ಎತ್ತಬೇಡಿ, ಪಕ್ಕಕ್ಕೆ ಹೋಗಿ ದುರುಗುಟ್ಟಿ ನೋಡಬೇಡಿ. ಪೊಲೀಸ್ ನಿಲ್ಲಿಸಿದರೆ ಎರಡೂ ಕೈ ಸ್ಟೀರಿಂಗ್ ಮೇಲಿರಲಿ. ನಮ್ಮವರು ಮರ್ಯಾದೆ ಅಂತ ಕಾರಿನಿಂದ ಇಳಿದು ಎದುರು ಹೋಗುತ್ತಾರೆ. ಹಾಗೆ ಮಾಡಲೇಬೇಡಿ. ಕಾಗದ ತೆಗೆಯುವ ಮೊದಲು, ಎಲ್ಲಿದೆ ಅಂತ ಹೇಳಿ, ಆಮೇಲೆ ಕೈ ಹಾಕಿ.

ಈಗ 'ನಾವೂ ಒಂದು ತಗೋಬೇಕಾ?' ಇದನ್ನು ನಿಧಾನವಾಗಿ ಓದಿ. ನಿಮಗೆ ಆಗುವುದಿಲ್ಲ. ಟೆಕ್ಸಾಸ್ ಲೈಸೆನ್ಸ್ ಬೇಡ ಅಂದರೂ ದೇಶದ ಕಾನೂನು ಬೇರೆ ಇದೆ. ಎಚ್‌1ಬಿ, ಎಚ್‌4, ಎಫ್‌1 ಇಂಥ (ಕೆಲಸದ, ಅವರ ಮನೆಯವರ, ಓದಿನ) ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ, ಗುಂಡೂ ಇಟ್ಟುಕೊಳ್ಳುವಂತಿಲ್ಲ. ಕೆಲವೇ ವಿನಾಯಿತಿ ಇವೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಅದರಲ್ಲಿ ಒಂದು. ತಪ್ಪಿದರೆ 15 ವರ್ಷದವರೆಗೆ ಜೈಲು ಆಗಬಹುದು, ದೇಶದಿಂದ ಹೊರಗೆ ಕಳಿಸುವುದಕ್ಕೂ ಅದೇ ಕಾರಣ ಆಗಬಹುದು. ಗ್ರೀನ್ ಕಾರ್ಡ್ ಬಂದ ಮೇಲೆ ಈ ತಡೆ ಇಲ್ಲ.

ನಮ್ಮವರು ಎಡವುವುದು ಗನ್ ಕೊಳ್ಳುವಲ್ಲಿ ಅಲ್ಲ, ಸುಮ್ನೆ ಹೋಗುವಲ್ಲಿ. ಟೀಮಿನವರು ಶುಕ್ರವಾರ ಶೂಟಿಂಗ್ ರೇಂಜಿಗೆ ಕರೆಯುತ್ತಾರೆ. ಬಾಡಿಗೆಗೆ ಗನ್ ಕೊಡುತ್ತಾರೆ, ಒಂದು ಫಾರಂ ತುಂಬಿಸಿ ಸಹಿ ಹಾಕಿಸಿಕೊಳ್ಳುತ್ತಾರೆ, ವೀಸಾ ಯಾವುದು ಅಂತ ಎಲ್ಲ ಕಡೆ ಸರಿಯಾಗಿ ನೋಡುವುದೂ ಇಲ್ಲ. ಎರಡು ಗುಂಡು ಹಾರಿಸಿ, ಫೋಟೊ ತೆಗೆಸಿಕೊಂಡು, ಊರಿನ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ. ತಮ್ಮ ವಿರುದ್ಧ ತಾವೇ ಸಾಕ್ಷಿ ಬರೆದುಕೊಟ್ಟ ಹಾಗೆ. ಹೋಗಲೇಬೇಕು ಅನ್ನಿಸಿದರೆ ಮೊದಲು ಇಮಿಗ್ರೇಶನ್ ವಕೀಲರನ್ನು ಕೇಳಿ. ನನ್ನಂಥವನನ್ನಲ್ಲ.

ನನಗೆ ಗ್ರೀನ್ ಕಾರ್ಡ್ ಬಂದು ಎಷ್ಟೋ ವರ್ಷ ಆಯ್ತು. ಆದರೂ ತಗೊಂಡಿಲ್ಲ. ಕೋವಿ ಕಂಡರೆ ಹೆದರುವ ಮನೆಯಲ್ಲಿ ಬೆಳೆದವನಲ್ಲ ನಾನು. ಕೊಪ್ಪದ ಕಡೆ ನಮ್ಮ ಅಡಿಕೆ ತೋಟ. ಹಂದಿ, ಮಂಗನ ಕಾಟಕ್ಕೆ ಅಪ್ಪನ ಹತ್ತಿರ ಜೋಡುನಳಿಗೆ ಕೋವಿ ಇತ್ತು. ಎಲೆಕ್ಷನ್ ಬಂತು ಅಂದರೆ ಅಪ್ಪ ಅದನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ಕಾಲ ಮಧ್ಯೆ ಇಟ್ಟುಕೊಂಡು ಸ್ಟೇಷನ್ನಿಗೆ ಒಪ್ಪಿಸಿ ಬರುತ್ತಿದ್ದರು. ರಸೀದಿ ದೇವರ ಪಟದ ಹಿಂದೆ. ರಿಸಲ್ಟ್ ಬಂದು ಗಲಾಟೆ ತಣ್ಣಗಾದ ಮೇಲೆ ವಾಪಸ್. ಇಲ್ಲಿಯವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ, ಸರ್ಕಾರಕ್ಕೆ ಗನ್ ಕೊಟ್ಟು ಬರೋದಾ ಅಂತ ಬಾಯಿ ಬಿಡುತ್ತಾರೆ. (ಮತಗಟ್ಟೆಯೊಳಗೆ ಮಾತ್ರ ಟೆಕ್ಸಾಸಿನಲ್ಲೂ ಗನ್ ಒಯ್ಯುವಂತಿಲ್ಲ, ಅದು ಬೇರೆ ಮಾತು.) ಕೊಡವರಿಗಂತೂ ನಮ್ಮಲ್ಲೂ ಲೈಸೆನ್ಸ್ ಬೇಡ, ಕೈಲ್ ಮುಹೂರ್ತದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ಆದರೆ ಅವರೂ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಹಾಲು ತರೋಕೆ ಹೋಗುವುದಿಲ್ಲ, ಅಲ್ವಾ?

ಈ ದೇಶದಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಾವೇ ಗುಂಡು ಹಾರಿಸಿಕೊಂಡವರು. 2021ರಲ್ಲಿ ಒಟ್ಟು 48,830 ಜನ ಸತ್ತರು, ಅದರಲ್ಲಿ 26,000ಕ್ಕೂ ಹೆಚ್ಚು ಆತ್ಮಹತ್ಯೆ. ಕೆಲಸ ಹೋದ ರಾತ್ರಿ, ವೀಸಾ ಕೆಟ್ಟ ರಾತ್ರಿ ಎಲ್ಲರಿಗೂ ಬರಬಹುದು. ಅಂಥ ರಾತ್ರಿ ಮನೆಯಲ್ಲಿ ಅದು ಇರುವುದು ನನಗೆ ಬೇಡ.

ಮಗಳ ವಿಷಯ. ಸ್ಕೂಲಿನೊಳಗೆ ಹೀಗೆ ಯಾರೂ ಗನ್ ಇಟ್ಟುಕೊಂಡು ಬರುವಂತಿಲ್ಲ. ಆದರೆ ಗೆಳತಿಯ ಮನೆಗೆ ಆಟಕ್ಕೆ ಕರೆದರೆ, ನಿಮ್ಮ ಮನೇಲಿ ಗನ್ ಇದೆಯಾ, ಬೀಗ ಹಾಕಿದ್ದೀರಾ ಅಂತ ಬಾಯಿಬಿಟ್ಟು ಕೇಳಿ. ನಾವು ಮೊದಲ ಸಲ ಕೇಳುವಾಗ ನನ್ನ ಹೆಂಡತಿ ನಾಚಿಕೊಂಡು, ಮಗನಿಗೆ ಕಡಲೆಬೀಜ ಆಗುವುದಿಲ್ಲ, ನಾಯಿ ಅಂದರೆ ಭಯ ಅಂತೆಲ್ಲ ಶುರು ಮಾಡಿ ಕೊನೆಗೆ ಅದನ್ನು ಕೇಳಿದಳು. ಎದುರುಮನೆಯಾಕೆ ಒಂಚೂರೂ ಬೇಸರ ಮಾಡಿಕೊಳ್ಳಲಿಲ್ಲ. ಎರಡು ಸೇಫಿನಲ್ಲಿವೆ, ಒಂದು ನನ್ನ ಪರ್ಸಿನಲ್ಲಿದೆ, ಮಕ್ಕಳು ಬಂದಾಗ ಪರ್ಸನ್ನು ಫ್ರಿಜ್ ಮೇಲೆ ಇಡುತ್ತೇನೆ ಅಂದಳು. ಫ್ರಿಜ್ ಮೇಲೆ! ಆವತ್ತಿನಿಂದ ಆಟ ನಮ್ಮ ಮನೆಯಲ್ಲೇ. ಇವತ್ತಿಗೂ ಆಕೆ ನಮಗೆ ಒಳ್ಳೆಯ ಸ್ನೇಹಿತೆ, ಹುಷಾರಿಲ್ಲದಾಗ ಸೂಪು ತಂದುಕೊಡುವವಳು.

ಬಾಗಿಲ ಮೇಲಿನ ಬೋರ್ಡು ಓದುವುದು ಕಲಿಯಿರಿ. 30.07 (ಈ ನಂಬರುಗಳೆಲ್ಲ ಇಲ್ಲಿನ ಕಾನೂನಿನ ಕಲಂಗಳು) ಅಂತಿದ್ದರೆ ಲೈಸೆನ್ಸ್ ಇದ್ದವರೂ ಕಾಣುವ ಹಾಗೆ ತರುವಂತಿಲ್ಲ. 30.06 ಅಂದರೆ ಮುಚ್ಚಿಟ್ಟುಕೊಂಡೂ ತರುವಂತಿಲ್ಲ. ಲೈಸೆನ್ಸ್ ಇಲ್ಲದವರಿಗೆ 30.05. ಕೆಂಪಕ್ಷರದಲ್ಲಿ 51% ಅಂತಿದ್ದರೆ ಅದು ಬಾರು, ಅಲ್ಲಿ ಬೇಡವೇ ಬೇಡ. ನಾವು ಹೋಗುವ ದೇವಸ್ಥಾನದಲ್ಲೂ ಚಪ್ಪಲಿ ಇಲ್ಲಿ ಬಿಡಿ ಅನ್ನುವ ಬೋರ್ಡಿನ ಪಕ್ಕ ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ದಪ್ಪಕ್ಷರದಲ್ಲಿ ಬರೆದು ಹಾಕಿದ್ದಾರೆ. ಯುಗಾದಿಗೆ ಜನ ಜಾಸ್ತಿ ಅಂತ ದುಡ್ಡು ಕೊಟ್ಟು ಪೊಲೀಸ್ ಒಬ್ಬರನ್ನು ಕರೆಸುತ್ತಾರೆ. ಹೋದ ಸಲ ಆತ ಸೊಂಟದಲ್ಲಿ ಪಿಸ್ತೂಲು, ಕೈಯಲ್ಲಿ ದೊನ್ನೆ ಹಿಡಿದು ಪುಳಿಯೋಗರೆ ತಿನ್ನುತ್ತಾ ನಿಂತಿದ್ದ. ಮಕ್ಕಳೆಲ್ಲ ಸುತ್ತ.

2019ರಲ್ಲಿ ಎಲ್ ಪಾಸೊ ವಾಲ್‌ಮಾರ್ಟಿನಲ್ಲಿ ಒಬ್ಬ 23 ಜನರನ್ನು ಗುಂಡಿಟ್ಟು ಕೊಂದ. ಅದಾದ ಮೇಲೆ ವಾಲ್‌ಮಾರ್ಟ್, ಕ್ರೋಗರ್‌ನಂಥ ದೊಡ್ಡ ಅಂಗಡಿಗಳು, ದಯವಿಟ್ಟು ಕಾಣುವ ಹಾಗೆ ತರಬೇಡಿ ಅಂತ ಗಿರಾಕಿಗಳನ್ನು ಕೇಳಿಕೊಂಡಿವೆ. ಹಾಗಾಗಿ ಅಂಗಡಿಯಲ್ಲಿ ಕಂಡರೆ ಮ್ಯಾನೇಜರಿಗೆ ಹೇಳಬಹುದು. 911ಕ್ಕೆ (ಇಲ್ಲಿನ ತುರ್ತು ನಂಬರು) ಫೋನ್ ಮಾಡುವಂಥದ್ದಲ್ಲ, ಹೋಲ್‌ಸ್ಟರ್‌ನಲ್ಲಿ ಇರುವುದು ಅಪರಾಧ ಅಲ್ಲ. ಗನ್ ಕೈಗೆ ಬಂದಿದೆ, ಕೂಗಾಡುತ್ತಿದ್ದಾನೆ ಅಂದರೆ ಬೇರೆ. ಆಗ ನಿಮ್ಮ ಮನೆಯವರು ಮಾಡಿದ್ದೇ ಸರಿ. ಗಾಡಿ ಬಿಟ್ಟು ಹೊರಗೆ ಹೋಗಿ, ಆಮೇಲೆ ಫೋನ್ ಮಾಡಿ.

ಭಯವೇ ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. 2023ರ ಮೇ 6ರಂದು ನಿಮ್ಮ ಮನೆಗೆ ಹತ್ತಿರದ ಆಲೆನ್ ಔಟ್‌ಲೆಟ್ ಮಾಲಿನಲ್ಲಿ 8 ಜನ ಒಬ್ಬನ ಗುಂಡಿಗೆ ಬಲಿಯಾದರು, ನಮ್ಮ ದೇಶದವರೂ ಒಬ್ಬರಿದ್ದರು. ಹಿಂದಿನ ವಾರ ನಾವು ಅಲ್ಲೇ ಮಗನಿಗೆ ಶೂ ತಂದಿದ್ದೆವು. ಆ ಶೂ ಡಬ್ಬಿ ಎಷ್ಟೋ ದಿನ ಕಣ್ಣಿಗೆ ಬೀಳುವ ಹಾಗೆ ಇಡಲಾಗಲಿಲ್ಲ. ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕು ಅನ್ನಿಸಿದರೆ ಹೋಗಿ, ತಪ್ಪೇನಿಲ್ಲ. ಅಲ್ಲಿನ ಕಾನೂನು ಬಿಗಿ. ಹಾಗಂತ ಅಲ್ಲಿ ಇಂಥದ್ದು ಆಗುವುದೇ ಇಲ್ಲ ಅಂತಲ್ಲ. ನಾನಂತೂ ಇಲ್ಲೇ ಉಳಿದೆ.

ಇನ್ನೊಂದು. ತಪ್ಪು ಮನೆಯ ಬಾಗಿಲು ತಟ್ಟಬೇಡಿ. 1992ರಲ್ಲಿ ಪಕ್ಕದ ಲೂಸಿಯಾನಾದಲ್ಲಿ ಹ್ಯಾಲೊವೀನ್ ಪಾರ್ಟಿಗೆ ಹೊರಟ 16 ವರ್ಷದ ಜಪಾನಿ ಹುಡುಗ ವಿಳಾಸ ತಪ್ಪಿ ಬೇರೆ ಮನೆಗೆ ಹೋದ. ಮನೆಯವನು ಗುಂಡು ಹೊಡೆದ. ಹುಡುಗ ಸತ್ತ, ಹೊಡೆದವನು ಕೋರ್ಟಿನಲ್ಲಿ ಖುಲಾಸೆ ಆದ. ಶನಿವಾರ ಊಟಕ್ಕೆ ಮೂವರೂ ಬನ್ನಿ. ನಮ್ಮ ಬೀದಿಯ ಮನೆಗಳೆಲ್ಲ ಒಂದೇ ಅಚ್ಚಿನವು, ಎಡಪಕ್ಕದ್ದಕ್ಕೂ ನಮ್ಮದರ ಹಾಗೇ ಕಂದು ಬಾಗಿಲು. ಕಾರು ನಿಲ್ಲಿಸಿ ಫೋನ್ ಮಾಡಿ, ನಾನೇ ಹೊರಗೆ ಬಂದು ಕರೆದುಕೊಂಡು ಹೋಗುತ್ತೇನೆ.